ಮಿಸ್ಲಿಹ್ ನೆಲಕ್ಕಿಟ್ಟ ಕಾಫಿ

ಕರಕ್ ಕಡೆಯ ನಮ್ಮೂರಿನಲ್ಲಿ ಮಿಸ್ಲಿಹ್ ಕ್ಷೌರದಂಗಡಿ ಇಟ್ಟಿದ್ದ. ಎರಡು ಕುರ್ಚಿ, ಒಂದು ಬಿರುಕು ಕನ್ನಡಿ. ಜಗಳವಾದ ಮನೆಗಳ ನಡುವೆ ಮಾತಾಡಲು ಜನ ಅವನನ್ನು ಕರೆಯುತ್ತಿದ್ದರು; ರಾಜಿಯಾದ ಮೇಲೆ ಫೋಟೊಗೆ ಕರೆಯುತ್ತಿರಲಿಲ್ಲ. ಸತ್ತಾಗಲೂ ಯಾವ ಪತ್ರಿಕೆ ಅವನ ಹೆಸರು ಹಾಕಲಿಲ್ಲ. ಅದಕ್ಕೇ ಈ ಬರಹ.

ನಾನು ಹೇಳಹೊರಟ ಸಲ ಸತ್ತವನು ಹಝ್ಝಾ, ಕುರಿ ಸಾಕುವ ದೈಫುಲ್ಲಾಹನ ಮಗ. ಶಾತಿ ಎಂಬವನ ಪಿಕಪ್ ಇಳಿಜಾರಿನಲ್ಲಿ ಅವನಿಗೆ ಗುದ್ದಿತ್ತು. ಶಾತಿ ಪೊಲೀಸರ ಕೈಯಲ್ಲಿದ್ದ. ಅವನ ಅಣ್ಣತಮ್ಮಂದಿರು ಊರಲ್ಲೇ ಇದ್ದರು. ಸೇಡು ತಡೆದಿಡಲು ಸತ್ತವನ ಮನೆಯವರು ಒಪ್ಪಿದ್ದ ಗಡುವು ಆ ಸಂಜೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ದೈಫುಲ್ಲಾಹ್ ಅಭಯ ಕೊಡದಿದ್ದರೆ ಆ ಮನೆಯ ಯಾವ ಗಂಡಸಿನ ಮೇಲಾದರೂ ಗುಂಡು ಹಾರಬಹುದಿತ್ತು.

ಶಾತಿ ಮನೆಯವರ ಪರವಾಗಿ ಮಿಸ್ಲಿಹ್ ಜೊತೆ ದೈಫುಲ್ಲಾಹನ ಅಂಗಳಕ್ಕೆ ಅಭಯ ಕೇಳಲು ಹೋದ ನಮ್ಮ ಸಲಾಮಿಗೆ ಉತ್ತರ ಬರಲಿಲ್ಲ. ಮಾಳಿಗೆಯ ಮೇಲೆ ಹಝ್ಝಾನ ಚಿಕ್ಕಪ್ಪಂದಿರು ಬಂದೂಕು ಹಿಡಿದು ಕೂತಿದ್ದರು. ನಮ್ಮ ಮುಂದಾಳು ಒಬ್ಬ ಮಾಜಿ ಸಂಸದ. ಚುನಾವಣೆ ಹತ್ತಿರವಿತ್ತು, ಕರೆಯದೆಯೇ ಬಂದಿದ್ದ. ಕಾಫಿಯ ಬಟ್ಟಲು ಅವನ ಮುಂದೆ ಬಂತು. ಕೇಳಿದ್ದು ಸಿಗುವವರೆಗೆ ಅದು ನೆಲದ ಮೇಲೇ ಇರಬೇಕು; ನಮ್ಮ ಮಕ್ಕಳಿಗೂ ಗೊತ್ತು. ಅವನು ಪ್ರಾಸ ಹಾಕಿ ಕುಲವನ್ನು ಹೊಗಳಿದ, ಔದಾರ್ಯ ಹೊಗಳಿದ, ಕುದುರೆಗಳನ್ನೂ ಹೊಗಳಿದ. ದೈಫುಲ್ಲಾಹನ ಬಳಿ ಕುದುರೆಯೇ ಇರಲಿಲ್ಲ. ಗಂಟಲು ಒಣಗಿತೇನೋ, ಮಾತಿನ ನಡುವೆ ಬಟ್ಟಲೆತ್ತಿ ಕುಡಿದುಬಿಟ್ಟ!

ಮಾಳಿಗೆಯ ಮೇಲೆ ಬಂದೂಕು ಟಕ್ಕೆಂದಿತು.

“ಇನ್ನೊಂದ್ ಬಟ್ಟಲು ಹಾಕ್ರೋ, ಸಾಹೇಬ್ರು ದಣಿದಿದಾರೆ!” ಒಬ್ಬ ಕೂಗಿದ. “ಇನ್ನು ನಮ್ಮನ್ನ ಕೇಳೋದೇನಿದೆ? ತಾವೇ ತಗೊಂಡಾಯ್ತಲ್ಲ!”

ದೈಫುಲ್ಲಾಹ್ ಎದ್ದು ನಿಂತ. ಒಳಗೆ ಹೋದರೆ ಮುಗಿಯಿತು.

“ಬೈಯಿ ಅಣ್ಣ, ಆದ್ರೆ ಕೂತು ಬೈಯಿ,” ಎಂದ ಮಿಸ್ಲಿಹ್. ಖಾಲಿ ಬಟ್ಟಲನ್ನು ಸಂಸದನ ಕೈಯಿಂದ ಕಿತ್ತು ಕಾಫಿ ಹಾಕುವವನತ್ತ ಚಾಚಿದ. ಆತ ಹಾಕದೆ ದೈಫುಲ್ಲಾಹನ ಮುಖ ನೋಡಿದ. ದೈಫುಲ್ಲಾಹ್ ಹಾಕೆಂದು ತಲೆಯಾಡಿಸಿ ಕೂತ. ತುಂಬಿದ ಬಟ್ಟಲನ್ನು ಮಿಸ್ಲಿಹ್ ನೆಲಕ್ಕಿಟ್ಟ.

“ಅಬೂ ಹಝ್ಝಾ,” ಎಂದ.

ಹಝ್ಝಾನ ಅಪ್ಪ ಎಂದು. ನಮ್ಮಲ್ಲಿ ಗಂಡಸನ್ನು ಮಗನ ಹೆಸರಿಂದಲೇ ಕರೆಯುವುದು. ಮಣ್ಣಾದ ದಿನದಿಂದ ಹಾಗೆ ಕರೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ. ಮಿಸ್ಲಿಹ್ ದನಿಯನ್ನು ಇನ್ನೂ ತಗ್ಗಿಸಿದ. ಮಾಳಿಗೆಯವರು ಕೇಳಿಸಿಕೊಳ್ಳಲು ಬಗ್ಗಬೇಕಾಯಿತು.

“ಹಝ್ಝಾನ ತಾಯಿ ಬಾಗಿಲು ನೋಡ್ತಾ ಕೂತಿದಾಳೆ. ಅವನು ಬರಲ್ಲ. ಶಾತಿ ತಾಯಿನೂ ಬಾಗಿಲು ನೋಡ್ತಾ ಕೂತಿದಾಳೆ. ಯಾರಾದ್ರೂ ಬಂದ್‌ಬಿಟ್ರೆ ಅಂತ. ಅಬೂ ಹಝ್ಝಾ, ಆ ಮನೆಯಿಂದ ಎಷ್ಟು ಜನ ಹೋದ್ರೆ ಈ ಮನೆಗೆ ಒಬ್ಬ ವಾಪಸ್ ಬರ್ತಾನೆ? ನೀನೇ ಹೇಳು.”

ಇಷ್ಟು ಕೇಳಿ ಮಿಸ್ಲಿಹ್ ಮಾತು ನಿಲ್ಲಿಸಿದ. ವೇದಿಕೆಯ ಶೂರರೆಲ್ಲ ಸೋಲುವುದು ಇಲ್ಲೇ: ಎದುರಿನವನ ಎದೆಯಲ್ಲಿ ಮಾತು ಇಳಿಯಲು ಅವರು ಬಿಡುವುದಿಲ್ಲ. ಸಂಸದ ಬಾಯಿ ತೆರೆದ; ನಾನು ಅವನ ಮೊಣಕಾಲು ಅಮುಕಿ ಹಿಡಿದೆ. ಗೋಡೆಯ ಮೇಲಿನ ಬಿಸಿಲು ಜಾರುತ್ತಿತ್ತು.

“ಕುಡಿ,” ಎಂದ ದೈಫುಲ್ಲಾಹ್ ಕೊನೆಗೆ. “ಒಂದು ವರ್ಷ ಆ ಮನೆ ಮೇಲೆ ಕೈ ಎತ್ತಲ್ಲ. ಆಮೇಲೆ ಮತ್ತೆ ಬಂದು ಕೇಳು. ಕೊಡ್ತೀನಿ ಅಂತ ಮಾತು ಕೊಡಲ್ಲ.”

ಮಿಸ್ಲಿಹ್ ಕುಡಿದ. ಮಾಳಿಗೆಯ ಮೇಲೆ ಯಾರೂ ಬಂದೂಕು ಕೆಳಗಿಡಲಿಲ್ಲ.

“ಬರೋವಾಗ,” ಎಂದ ದೈಫುಲ್ಲಾಹ್, ಸಂಸದನ ಕಡೆ ನೋಡದೆಯೇ, “ಇವನನ್ನ ಕರ್ಕೊಂಡ್ ಬರಬೇಡ.”