ನೀಲತ್ತಿ ಹೂ ಕೇಳಲು ಹೋದ ಗದ್ದುಗೆ

ಬೆಳಿಗ್ಗೆ ಆರೂವರೆಗೆ ಚಿಂಚವಾಡದ ಮನೆ ಬಿಟ್ಟಾಗ ನೀಲತ್ತಿಯ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಬುತ್ತಿ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇನ್ನೊಂದರಲ್ಲಿ ವಿಭೂತಿ, ಊದಿನಕಡ್ಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಳಿ ಸೇವಂತಿಗೆ. ನೀಲತ್ತಿ ನನ್ನ ಅಪ್ಪನ ತಂಗಿ, ವಯಸ್ಸು ಎಪ್ಪತ್ತಾರು. ನಮ್ಮ ವಂಶದ ಮೂಲಪುರುಷ ಚನಮಲ್ಲಪ್ಪಜ್ಜನ ಗದ್ದುಗೆಗೆ ಹೋಗಿ ಒಂದು ಮಾತು ಕೇಳಿ ಬರಬೇಕೆಂದು ಹೊರಟಿದ್ದಳು. ದಾರಿ ತೋರಿಸುವ ಕೆಲಸ ನನ್ನದು. ಮೂವತ್ತು ವರ್ಷ ಪುಣೆಯಲ್ಲಿ ನೌಕರಿ ಮಾಡಿಯೂ ಪಕ್ಕದ ಹಿಂಜವಾಡಿಗೆ ಹೋದರೆ ದಾರಿ ತಪ್ಪುವವಳು ನಾನು. ಇಂಥವಳನ್ನು ನೆಚ್ಚಿ ಅತ್ತಿ ಗುಡ್ಡಗಾಡಿಗೆ ಹೊರಟಿದ್ದಳು.

ಕೇಳಬೇಕಾಗಿದ್ದ ಮಾತು ಸಣ್ಣದಲ್ಲ. ಅತ್ತಿಯ ಗಂಡ ಮದುವೆಯಾದ ಎರಡನೇ ವರ್ಷಕ್ಕೇ ಅವಳನ್ನು ಬಿಟ್ಟು ಮುಂಬೈಗೆ ಹೋದ, ತಿರುಗಿ ಬರಲಿಲ್ಲ. ಅಂದಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ನನ್ನನ್ನು ಎತ್ತಿ ಆಡಿಸಿದವಳೂ ಅವಳೇ, ಪಿಂಪ್ರಿಯ ಕಾರ್ಖಾನೆಗೆ ಹೋಗುತ್ತಿದ್ದ ಅಪ್ಪನಿಗೆ ಡಬ್ಬಿ ಕಟ್ಟಿದವಳೂ ಅವಳೇ. ನಾವು ಲಿಂಗಾಯತರು, ಸತ್ತವರನ್ನು ಹೂಳುತ್ತೇವೆ. ನಮ್ಮೂರು ಸಂಕೇಶ್ವರದ ಹೊಲದಲ್ಲಿ ಮನೆತನದವರಿಗೆಲ್ಲ ಜಾಗ ಇದೆ. ಆದರೆ ಕೊಟ್ಟ ಹೆಣ್ಣು ಗಂಡನ ಮನೆಯವರ ಮಣ್ಣಿಗೇ ಸೇರಬೇಕು ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ರೂಢಿ. ಅತ್ತಿಗೆ ಆ ಮಣ್ಣು ಎಲ್ಲಿದೆಯೆಂದೇ ಗೊತ್ತಿಲ್ಲ.

ಹೋದ ತಿಂಗಳು ಜ್ವರದಿಂದ ಎದ್ದವಳೇ ಊರಲ್ಲಿರುವ ಅಣ್ಣನಿಗೆ, ಅಂದರೆ ನನ್ನ ದೊಡ್ಡಪ್ಪನಿಗೆ, ಫೋನು ಮಾಡಿ ನನಗೂ ಹೊಲದಲ್ಲಿ ಒಂದು ಜಾಗ ಕೊಡು ಎಂದಳು. ದೊಡ್ಡಪ್ಪ ಹೂಂ ಎನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅಜ್ಜನ ಗದ್ದುಗೆಗೆ ಹೋಗಿ ಹೂ ಕೇಳಿ ಬಾ ಎಂದ. ಗದ್ದುಗೆಯ ಮೇಲಿನ ಲಿಂಗಕ್ಕೆ ಒದ್ದೆ ಹೂ ಅಂಟಿಸಿ ಎದುರಿಗೆ ಕೂರಬೇಕು. ಹೂ ಬಲಕ್ಕೆ ಬಿದ್ದರೆ ಅಜ್ಜ ಒಪ್ಪಿದ, ಎಡಕ್ಕೆ ಬಿದ್ದರೆ ಇಲ್ಲ. ಐವತ್ತು ವರ್ಷ ದುಡಿದವಳು ಆರಡಿ ನೆಲಕ್ಕೆ ಹೂವಿನ ಮುಂದೆ ಕೈಮುಗಿಯಬೇಕೇ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಅತ್ತಿ ಮಾತ್ರ ಸೇವಂತಿಗೆ ತರಿಸಿದಳು.

ಪಿಂಪ್ರಿಯಿಂದ ಸ್ವಾರಗೇಟಿನವರೆಗೆ ಮೆಟ್ರೊ, ಅಲ್ಲಿಂದ ಭೋರ್‌ಗೆ ಎಸ್‌ಟಿ ಬಸ್ಸು. ಎಪ್ಪತ್ತೈದು ದಾಟಿದ ಅತ್ತಿಗೆ ಟಿಕೆಟ್ಟೇ ಇಲ್ಲ, ನನಗೆ ಹೆಣ್ಣುಮಕ್ಕಳ ಅರ್ಧ ಟಿಕೆಟ್ಟು. ಐವತ್ತು ಚಿಲ್ಲರೆ ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಅತ್ತಿ ಮನೆತನದ ಕಥೆ ಹೇಳಿದಳು. ಅಜ್ಜ ಎತ್ತುಗಳ ಮೇಲೆ ಸಂಕೇಶ್ವರದ ಮೆಣಸಿನಕಾಯಿ ಹೇರಿಕೊಂಡು ಘಾಟು ಇಳಿದು ಕೊಂಕಣಕ್ಕೆ ಹೋಗಿ ಉಪ್ಪು ತರುತ್ತಿದ್ದನಂತೆ. ಒಂದು ಸಲ ಘಾಟಿನ ಹತ್ತಿರವೇ ಜ್ವರ ಬಂದು ತೀರಿಕೊಂಡ. ಜೊತೆಯವರು ಅಲ್ಲೇ ಅವನನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ತುಂಬಿ ಹೂಳಿದರು. ಉಪ್ಪು ತಂದ ಮೇಲೆ ಆದ ಎರಡನೇ ಮದುವೆಯಿಂದ ನಮ್ಮ ವಂಶ ಬೆಳೆಯಿತು ಎಂದೂ ಹೇಳಿದಳು. ದಾರಿಯಲ್ಲೇ ಸತ್ತವನು ಉಪ್ಪು ತಂದದ್ದು ಹೇಗೆ, ಮದುವೆಯಾದದ್ದು ಯಾವಾಗ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ, ಹಿರಿಯರು ಹೇಳಿದ್ದನ್ನು ಹೇಳಿದೆ, ಅಡ್ಡಡ್ಡ ಕೇಳಬೇಡ ಎಂದಳು.

ಭೋರ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಶೇರ್ ಜೀಪು ಹತ್ತಿದೆವು. ತಲೆಗೆ ಅರವತ್ತು ರೂಪಾಯಿ. ಹನ್ನೆರಡು ಜನರ ನಡುವೆ ಮೊಣಕಾಲು ಮಡಚಿ ಕುಳಿತು, ನೀರಾ ದೇವಘರ ಜಲಾಶಯದ ಅಂಚಿನಲ್ಲೇ ಹೋಗಿ ಹತ್ತಾರು ಮನೆಗಳ ಒಂದು ವಾಡಿಯಲ್ಲಿ ಇಳಿದೆವು. ಮಾಘದ ಬಿಸಿಲು ಚುರುಗುಡುತ್ತಿತ್ತು, ಗುಡ್ಡದ ಹುಲ್ಲೆಲ್ಲ ಹಳದಿಯಾಗಿತ್ತು.

ಹತ್ತು ವರ್ಷದವನಿದ್ದಾಗ ಒಮ್ಮೆ ಬಂದಿದ್ದ ದೊಡ್ಡಪ್ಪ ಹೇಳಿದ ಗುರುತು ಇಷ್ಟೇ: ದೊಡ್ಡ ಆಲದ ಮರ, ಬಲಕ್ಕೆ ಹಳ್ಳ, ಹಳ್ಳ ದಾಟಿ ಏರು. ಆಲದ ಮರ ಇರಲೇ ಇಲ್ಲ. ಹಳ್ಳ ಒಂದಲ್ಲ, ಮೂರಿದ್ದವು. ಮೂವರನ್ನು ಕೇಳಿದರೆ ಮೂರು ದಾರಿ ತೋರಿಸಿದರು. ಚನಮಲ್ಲಪ್ಪನ ಹೆಸರನ್ನು ಒಬ್ಬರೂ ಕೇಳಿರಲಿಲ್ಲ. ದನ ಕಾಯುವವನೊಬ್ಬ, ಮೇಲೆ ಒಂದು ಸಮಾಧಿ ಇದೆ, ಆದರೆ ಅದು ನಿಮ್ಮದಲ್ಲ ಎಂದ. ನಮ್ಮದಲ್ಲದಿದ್ದರೆ ಮತ್ತೆ ಯಾರದು ಎಂದರೆ, ನಮ್ಮದು ಎಂದು ನಡೆದುಬಿಟ್ಟ. ನನಗೆ ತಲೆ ಕೆಟ್ಟು ಹೋಯಿತು. ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರು ಹತ್ತಿದಳು. ಎರಡು ಕಡೆ ಕುಳಿತು ದಣಿವಾರಿಸಿಕೊಂಡಳು, ವಾಪಸು ಹೋಗೋಣ ಎಂದರೆ ಮಾತ್ರ ಒಪ್ಪಲಿಲ್ಲ.

ಗದ್ದುಗೆ ಇತ್ತು. ಸೊಂಟದೆತ್ತರದ ಚೌಕ ಕಲ್ಲುಕಟ್ಟೆ, ಮೇಲೆ ಸವೆದ ಲಿಂಗ, ಎದುರಿಗೆ ತಲೆ ಮುರಿದ ನಂದಿ. ಕಟ್ಟೆಯ ಮೇಲೆ ಹಸಿರು ಬಳೆಗಳಿದ್ದವು. ಯಾರದೋ ಹರಕೆ ಇರಬೇಕು ಎಂದುಕೊಂಡೆ. ಅತ್ತಿ ಕಲ್ಲು ತೊಳೆದು ವಿಭೂತಿ ಹಚ್ಚಿ, ಹೂ ಅಂಟಿಸಿ, ಎದುರಿಗೆ ಕೂರಬೇಕು, ಅಷ್ಟರಲ್ಲಿ ಕೆಳಗಿನ ಮನೆಯಿಂದ ಒಬ್ಬ ಮುದುಕಿ ತಂಬಿಗೆ ಹಿಡಿದು ಬಂದಳು. ಸೋನಾಬಾಯಿ ಅಂತ ಹೆಸರು, ಸೋಮವಾರಕ್ಕೊಮ್ಮೆ ಇಲ್ಲಿ ದೀಪ ಹಚ್ಚುವವಳು. ನಮ್ಮ ಅಜ್ಜನ ಗದ್ದುಗೆ ಎಂದು ಮರಾಠಿಯಲ್ಲಿ ನಾನು ಹೇಳಿದರೆ ಅವಳು ನಕ್ಕೇಬಿಟ್ಟಳು. ಅಜ್ಜ ಎಲ್ಲಿಂದ ಬಂದ, ಇವಳು ಆಯಿ, ತಾಯಿ ಎಂದಳು.

ಅವಳು ಹೇಳಿದ್ದು ಹೀಗೆ. ಮೆಣಸಿನಕಾಯಿಯ ಎತ್ತುಗಳ ಜೊತೆ ಕರ್ನಾಟಕದ ಕಡೆಯ ಗಂಡಹೆಂಡಿರು ಬಂದಿದ್ದರು. ಹೆಂಡತಿಗೆ ಜ್ವರ ಬಂತು. ಉಪ್ಪು ತುಂಬಿಕೊಂಡು ಹದಿನೈದು ದಿನಕ್ಕೆ ಬರುತ್ತೇನೆಂದು ಗಂಡ ಅವಳನ್ನು ಸೋನಾಬಾಯಿಯ ಹಿರಿಯರ ಮನೆಯಲ್ಲಿ ಬಿಟ್ಟು ಘಾಟು ಇಳಿದ. ಬೇರೆ ದಾರಿಯಲ್ಲಿ ಊರಿಗೆ ಹೋದನೋ, ಅಲ್ಲೇ ಸತ್ತನೋ, ಯಾರಿಗೂ ತಿಳಿಯದು. ಅವಳು ಈ ದಿನ್ನೆಯ ಮೇಲೆ ಕುಳಿತು ಎರಡು ಮಳೆಗಾಲ ದಾರಿ ನೋಡಿ ಸತ್ತಳು. ಕೊರಳಲ್ಲಿ ಲಿಂಗ ಕಂಡು, ಭೋರ್‌ನಿಂದ ಜಂಗಮರನ್ನು ಕರೆಸಿ, ಅವರ ಪದ್ಧತಿಯಂತೆ ಕೂರಿಸಿ ಹೂಳಿದರು.

ನಾನು ಗದ್ದುಗೆಯನ್ನು ಮೂರು ಸುತ್ತು ಹಾಕಿದೆ. ಹೆಸರಿಲ್ಲ, ಅಕ್ಷರವಿಲ್ಲ. ನಮ್ಮಲ್ಲಿ ಗಂಡಿಗೂ ಹೆಣ್ಣಿಗೂ ಕೊರಳಲ್ಲಿ ಲಿಂಗ ಇರುತ್ತದೆ, ಇಬ್ಬರನ್ನೂ ಹೂಳುವ ರೀತಿ ಒಂದೇ. ಕಲ್ಲು ನೋಡಿ ಒಳಗಿರುವವರು ಯಾರೆಂದು ಹೇಳುವ ಹಾಗಿಲ್ಲ. ಇವಳು ಅಜ್ಜನ ಮೊದಲ ಹೆಂಡತಿಯೇ? ಹಾಗಾದರೆ ನಮ್ಮ ಹಿರಿಯರು ಇಷ್ಟು ದಿನ ಕೈಮುಗಿದದ್ದು ಯಾರಿಗೆ? ಅಥವಾ ಇವಳ ಕಥೆಯೇ ಬೇರೆಯೋ? ಅತ್ತಿಯ ಮುಖ ನೋಡಿದೆ.

ಐವತ್ತು ವರ್ಷ ಚಿಂಚವಾಡದಲ್ಲಿ ಬಾಳಿದ ಅತ್ತಿಗೆ ಮರಾಠಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಎದ್ದು, ಇನ್ನೂ ಬೀಳದಿದ್ದ ಹೂವನ್ನು ಲಿಂಗದಿಂದ ಮೆಲ್ಲಗೆ ಬಿಡಿಸಿ ಗದ್ದುಗೆಯ ಬುಡದಲ್ಲಿಟ್ಟಳು.

"ಕೇಳೂದಿಲ್ಲೇನತ್ತಿ?" ಎಂದೆ.

"ಇಕಿಗೇನ ಕೇಳ್ಲಿ ಶಾಂತಾ? ಇಕಿಗರೆ ಯಾರ ಏನ ಕೊಟ್ಟಾರ?"

ಆಮೇಲೆ ಮೂವರೂ ಅಲ್ಲೇ ಕುಳಿತು ರೊಟ್ಟಿ ತಿಂದೆವು. ಹಿಂಡಿ ಖಾರವಾಯಿತೆಂದು ಸೋನಾಬಾಯಿ ಮೊಸರು ಹಾಕಿಸಿಕೊಂಡಳು. ಅತ್ತಿ ಆಗಾಗ ಘಾಟಿನ ಕಡೆ ನೋಡುತ್ತಿದ್ದಳು. ಬಂದ ಕೆಲಸ ಕೆಟ್ಟಿತು, ದೊಡ್ಡಪ್ಪನಿಗೆ ಇನ್ನೊಂದು ನೆಪ ಸಿಕ್ಕಿತು ಎಂದೇ ಅಂದುಕೊಂಡೆ.

ರಸ್ತೆಗೆ ಇಳಿದ ಮೇಲೆ ಫೋನಿಗೆ ಸಿಗ್ನಲ್ ಬಂತು, ಕೂಡಲೇ ದೊಡ್ಡಪ್ಪನ ಕರೆಯೂ ಬಂತು. ಅತ್ತಿಗೆ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ. ಹೂ ಯಾವ ಕಡೆ ಬಿತ್ತು ಎಂದು ದೊಡ್ಡಪ್ಪ ಕೇಳಿದ.

"ನಾ ಕೇಳಲಿಲ್ಲಣ್ಣಾ," ಎಂದಳು ಅತ್ತಿ. "ಇಲ್ಲಿ ಇರಾಕಿ ಯಾರೋ ಬಿಟ್ಟ ಹೋದ ಹೆಣ್ಮಗಳಂತ. ಖರೇನೋ ಸುಳ್ಳೋ ನನಗ ತಿಳೀವಲ್ದು. ಹೂವಿನ ಸುದ್ದಿ ಬಿಡು. ನಿನ್ನ ಕೇಳಾಕತ್ತೇನಿ. ನನಗ ಜಾಗ ಕೊಡ್ತೀಯೋ ಇಲ್ಲೋ?"

ಕರೆ ಕಡಿದು ಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ. ದೊಡ್ಡಪ್ಪ ಕೆಮ್ಮಿದ.

"ನನ್ನ ಮಗ್ಗಲಕ್ಕ ಐತಿ. ಮೊದಲಿಂದನೂ ಐತಿ."

"ಮತ್ತ ಇಷ್ಟ ಹೇಳಾಕ ನನ್ನ ಗುಡ್ಡ ಯಾಕ ಹತ್ತಿಸಿದಿ?"

"ದಾಯಾದಿ ಭಾವಕಿ ಮಂದಿಗೆ ಅಂಜಿದ್ನೆವ್ವಾ. ಅಜ್ಜ ಹೇಳಿದಾ ಅಂದ್ರ ಅವರ ಬಾಯಿ ಮುಚ್ಚತಿತ್ತು."

ಅತ್ತಿ ಫೋನನ್ನು ನನ್ನ ಕೈಗೆ ತುರುಕಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನನಗೂ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಭೋರ್ ಕಡೆಯ ಜೀಪು ಬಂದು ನಿಂತಿತು. ಇದು ಹೋದರೆ ಇನ್ನೊಂದು ಯಾವಾಗಲೋ, ಹತ್ತು ಎಂದೆ. ಅವಳು ಹತ್ತಲಿಲ್ಲ.

"ಹೋಗಲಿ ಬಿಡು," ಎಂದಳು ಕಣ್ಣೊರೆಸಿಕೊಂಡು. "ಗದ್ದಿಗ್ಯಾಗಿನ ಆಕಿಗೊಂದ ಮಾತ ಹೇಳಿ ಬರ್ತೇನಿ, ನನಗ ಜಾಗ ಸಿಕ್ತಂತ."

ಬಂದ ದಾರಿಯಲ್ಲೇ ಅವಳು ಮತ್ತೆ ಗುಡ್ಡ ಹತ್ತತೊಡಗಿದಳು.