ಎಮ್ಮೆಯಿಲ್ಲದ ಮೊಸರು

ಸವಣೂರಿನಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಅಲ್ಲಿಗೆ ಮೊಸರು ಬರುವುದು ಹಿಂದಿನ ಓಣಿಯಿಂದ, ಎಲ್ಲರೂ ಚಾಚಿ ಎಂದು ಕರೆಯುವ ಹಿರಿಯ ಹೆಂಗಸಿನ ಮನೆಯಿಂದ. ಅವರಿಗಿರುವುದು ಒಂದೇ ಎಮ್ಮೆ, ಒಂದೇ ಗಿರಾಕಿ. ಆ ಗಿರಾಕಿ ನಾನು.

ಈ ವರ್ಷ ಹಾನಗಲ್ಲಿನಲ್ಲಿ ಹೋಟೆಲು, ಖಾನಾವಳಿಗಳ ಅಡುಗೆಯವರಿಗೆಂದೇ ಸ್ಪರ್ಧೆ ಇಟ್ಟರು. ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟದೆ ಅಡುಗೆ ಮಾಡಬೇಕೆಂಬುದು ನಿಯಮ. ದೊಡ್ಡ ಊರಿನ ಶೆಫ್‌ಗಳು ಇಂಥ ಅಡುಗೆಗೆ ತಲೆದೂಗುವುದನ್ನು ಮೊಬೈಲಿನಲ್ಲಿ ನೋಡಿದ್ದೆ, ನಂಬಿರಲಿಲ್ಲ. ಆದರೂ ಹಟ ಹಿಡಿದು ಕಲಿತೆ. ಶೇಂಗಾ ನೆನೆಸಿ, ರುಬ್ಬಿ, ಹಿಂಡಿದ ಹಾಲು ಕಾಯಿಸಿ, ಆರಿದ ಮೇಲೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪುಗಟ್ಟಿಸಿದೆ. ಸ್ಟೀಲಿನ ಪಾತ್ರೆಯಲ್ಲಿ ಅದು ನೀರು ಬಿಡುತ್ತಿತ್ತು. ನೀರು ಹೀರಿಕೊಳ್ಳಲೆಂದು ಚಾಚಿಯ ಹತ್ತಿರ ಮಣ್ಣಿನ ಗಡಿಗೆ ಕೇಳಿದೆ.

"ಕಾಂಪಿಟೇಶನ್‌ಗೇನ ಬೇಟಿ? ಒಯ್ಯಿ. ನನ್ನ ಎಮ್ಮಿಗೆ ಹೆಸರ ತಗೊಂಡ ಬಾ," ಎಂದರು.

ಎಮ್ಮೆಗೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಬಾಯಿ ಬರಲಿಲ್ಲ. ನಕ್ಕು ಬಂದುಬಿಟ್ಟೆ.

ಜೋಳದ ನುಚ್ಚಿಗೆ ಆ ಮೊಸರು ಕಲಸಿ, ಎಣ್ಣೆಯಲ್ಲಿ ಸಾಸಿವೆ ಒಗ್ಗರಣೆ ಕೊಟ್ಟೆ. ತೀರ್ಪುಗಾರ ಶೆಫ್ ಮತ್ತೊಮ್ಮೆ ಬಡಿಸಿಕೊಂಡು ಉಂಡರು. ಮೊದಲ ಬಹುಮಾನ ನನಗೇ ಬಂತು.

ನಾನು ಬಸ್ಸಿಳಿದು ಓಣಿಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಚಾಚಿ ಬಾಗಿಲಲ್ಲಿ ನಿಂತು ಹೋಗಿಬರುವವರ ಕೈಗೆಲ್ಲ ಸಕ್ಕರೆ ಹಾಕುತ್ತಿದ್ದರು. "ನಮ್ಮ ಎಮ್ಮಿ ಮಸರಿಗೆ ಫಸ್ಟ್ ಬಂದೈತ್ರಿ!"

ನನಗೂ ಕೊಟ್ಟರು. ಆ ಸಕ್ಕರೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ. ಅವರನ್ನು ಒಳಗೆ ಕರೆದು ಕೂರಿಸಿದೆ.

"ಚಾಚಿ, ನನ್ನ ತಪ್ಪಾತ್ರಿ. ಅದು ಎಮ್ಮಿ ಮಸರಲ್ಲ, ಶೇಂಗಾದ್ದು. ಮೊದಲ ಹೇಳಬೇಕಾಗಿತ್ತು."

ಗಡಿಗೆಯಲ್ಲಿ ಉಳಿದಿದ್ದ ಮೊಸರನ್ನು ಮುಂದಿಟ್ಟೆ. ಬೆರಳಲ್ಲಿ ತೆಗೆದು ನೆಕ್ಕಿದರು.

"ಹುಳಿ ಬರೋಬ್ಬರಿ ಐತಿ," ಎಂದರು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ನಾಳಿಂದ ನಾ ಮಸರು ತರ್ಲೋ ಬ್ಯಾಡೋ?"

"ಅದೇನ್ ಮಾತ್ರಿ, ತರ್ರಿ," ಎಂದೆ.

ತರುತ್ತಿದ್ದಾರೆ. ಆದರೆ ಬಹುಮಾನದ ನುಚ್ಚೆಂದು ಬೋರ್ಡಿನ ಮೇಲೆ ಬರೆಸಿದಂದಿನಿಂದ ಶಿಗ್ಗಾವಿ, ಹಿರೇಕೆರೂರು ಕಡೆಯಿಂದ ಬಂದವರೂ ಶೇಂಗಾ ಮೊಸರನ್ನೇ ಕೇಳುತ್ತಾರೆ. ಚಾಚಿಯದು ಉಳಿಯುತ್ತದೆ. ಅದನ್ನು ನಾವು ಮನೆಮಂದಿ ಮಜ್ಜಿಗೆ ಸಾರು ಮಾಡಿಕೊಂಡು ಉಣ್ಣುತ್ತೇವೆ. ಹಿಂದೆಂದೂ ಕೇಳದಿದ್ದ ಅವರು ಈಗ ದಿನಾ ಬೆಳಿಗ್ಗೆ ಕೇಳುತ್ತಾರೆ, "ನಿನ್ನಿ ಮಸರು ಖರ್ಚಾತೇನ ಬೇಟಿ?"

"ಆತ್ರಿ," ಎನ್ನುತ್ತೇನೆ, ಅವರ ಮುಖ ನೋಡದೆ.