ಬೆಲ್ಲ ತುಂಬಿ ಕೊಟ್ಟ ಟೊಪ್ಪಿಗೆ

ಚಾಚಾನ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಹಬೆಯೂ ಕಾದ ಹಿತ್ತಾಳೆಯೂ ಸೇರಿ ಹತ್ತು ಬೆರಳನ್ನೂ ನುಣ್ಣಗೆ ಮಾಡಿಬಿಟ್ಟಿದ್ದವು. ಹುಣಸೆಬೀಜದ ಹಾಗೆ ಮಿರುಗುತ್ತಿದ್ದವು. ಎದುರಿಗೆ ಯಾರು ಬಂದರೂ ಆ ಕೈ ಅವರ ನೆತ್ತಿಯ ಮೇಲೆ ಹೋಗಿ ಕೂರುತ್ತಿತ್ತು. ಆಶೀರ್ವಾದ ಎಂದುಕೊಂಡವರು ಮೋಸ ಹೋಗುತ್ತಿದ್ದರು, ಅದು ಅಳತೆ. ಚಿಕ್ಕವಳಿದ್ದಾಗ ನನಗೆ ಅದರಿಂದ ಬಲು ಕಿರಿಕಿರಿ, ಎಣ್ಣೆ ಹಚ್ಚಿ ಬಾಚಿದ ಕೂದಲು ಕೆದರುತ್ತಿತ್ತು. ತಲೆ ಕೊಡವಿ ಓಡಿದರೆ ಹಿಂದಿನಿಂದ ನಗುತ್ತಿದ್ದರು: "ಅಪ್ಪನ ತಲಿ ಬಂದಿಲ್ಲ ಈಕಿಗೆ. ಅವ್ವನ ಕಡೀದು, ಸಂತಪುರದ ತಲಿ."

ಬೀದರಿನ ಚೌಬಾರಾದಿಂದ ಒಳಗೆ ತಿರುಗುವ ಓಣಿಯಲ್ಲಿ ಅವರ ಅಂಗಡಿ, ಅದರ ಎದುರಿಗೇ ನಮ್ಮ ಮನೆ. ಊರಿಗೆಲ್ಲ ಅವರು ಟೊಪಗಿ ಚಾಚಾ. ನಿಜಾಮನ ಕಾಲದಲ್ಲಿ ಕಚೇರಿಯವರು, ವಕೀಲರು, ದೊಡ್ಡ ಸಾಲೆಯ ಹುಡುಗರು ರೂಮಿ ಟೊಪ್ಪಿಗೆ ಹಾಕುತ್ತಿದ್ದರು. ಕೆಂಪು ಬಣ್ಣದ್ದು, ಮೇಲೊಂದು ಕರಿ ಗೊಂಡೆ. ಮಳೆಗೋ ಬೆವರಿಗೋ ಅದು ಸೊಟ್ಟಗಾದರೆ ಚಾಚಾನ ಅಂಗಡಿಗೆ ಬರಬೇಕು. ಅದನ್ನು ಒದ್ದೆ ಮಾಡಿ, ಹಿತ್ತಾಳೆಯ ಒಳಅಚ್ಚಿಗೆ ತೊಡಿಸಿ, ಕೆಂಡದ ಮೇಲೆ ಕಾಯಿಸಿದ ಹೊರಅಚ್ಚನ್ನು ಕವುಚಿ ಒತ್ತುತ್ತಿದ್ದರು. ಬುಸ್ಸೆಂದು ಹಬೆ ಎದ್ದು ಅವರ ಗಡ್ಡವೆಲ್ಲ ಒದ್ದೆಯಾಗುತ್ತಿತ್ತು. ತೆಗೆದರೆ ಟೊಪ್ಪಿಗೆ ಹೊಸದರ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಹೈದರಾಬಾದಿನಲ್ಲಿ ರಾಜ ಮಾತ್ರ ಹಳೆಯ ಟೊಪ್ಪಿಗೆಯನ್ನೇ ವರ್ಷಗಟ್ಟಲೆ ಹಾಕುತ್ತಾನಂತೆ ಎಂಬ ಸುದ್ದಿ ಬೀದರಿನವರೆಗೂ ಬಂದಿತ್ತು. "ನೋಡ್ರಿ, ಅಂವ ತನ್ನ ಟೊಪಗಿ ಒತ್ತಸಂಗಿಲ್ಲ. ಮಂದೀವು ಒತ್ತಸ್ತಾನ. ನಂಬಲ್ಲಿ ಒಲಿ ಉರೀತದ," ಎನ್ನುತ್ತಿದ್ದರಂತೆ ಚಾಚಾ.

ಈಗ ಯಾರಾದರೂ ನಿಜಾಮನ ಕಾಲ ಹೇಗಿತ್ತು ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳುವವರಲ್ಲಿ ಒಬ್ಬರಿಗೆ ಬರೀ ವಜ್ರದ ಕಥೆ ಬೇಕು, ಇನ್ನೊಬ್ಬರಿಗೆ ಬರೀ ರಕ್ತದ ಕಥೆ. ನನಗೆ ಗೊತ್ತಿರುವುದು ಒಂದು ಟೊಪ್ಪಿಗೆಯ ಕಥೆ. ಅದೂ ಅರ್ಧ ನಾನು ಹುಟ್ಟುವ ಹೊತ್ತಿನದು, ಅಪ್ಪ ಅವ್ವನ ಬಾಯಿಂದ ಕೇಳಿದ್ದು.

ಚಾಚಾನಿಗೆ ಒಬ್ಬನೇ ಮಗ. ನನ್ನ ಅಪ್ಪನ ಓರಗೆಯವನು, ಉರ್ದು ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಕಲಿತವನು. ಇಬ್ಬರ ತಲೆಯೂ ಒಂದೇ ಅಚ್ಚಿಗೆ ಬರುತ್ತದೆ ಎಂದು ಚಾಚಾ ಹೇಳುತ್ತಿದ್ದರು. ಮುಂದೆ ಅಪ್ಪ ಕಾಳುಕಡಿಯ ಪೇಟೆಯಾದ ಗಂಜಿನಲ್ಲಿ, ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವ ಮುನೀಮನಾದ. ಹಣೆಗೆ ವಿಭೂತಿ, ತಲೆಗೆ ಬಿಳಿ ರುಮಾಲು. ಮಗ ತಂದೆಯ ಒಲೆ ಊದುತ್ತ ಅಂಗಡಿಯಲ್ಲೇ ಉಳಿದ.

ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ ಏರಿದ ವರ್ಷ ಅವ್ವ ಹೆರಿಗೆಗೆ ಸಂತಪುರಕ್ಕೆ ಹೋಗಿದ್ದಳು. ಶ್ರಾವಣದಲ್ಲಿ ನಾನು ಹುಟ್ಟಿದೆ. ಅಷ್ಟರಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಮನೆ ಸುಟ್ಟ ಸುದ್ದಿ ಬಂತು. ಅಪ್ಪ ಹೋಗಿ ನಮ್ಮನ್ನು ಕರೆತರಬೇಕು. ಸಂತಪುರಕ್ಕೆ ಹೋಗುವ ಔರಾದ್ ರಸ್ತೆಯಲ್ಲಿ ರಜಾಕಾರರು ನಾಕಾ ಹಾಕಿ ಕೂತಿದ್ದರು. ವಿಭೂತಿ ಕಂಡರೆ ಬಂಡಿಯಿಂದ ಇಳಿಸುತ್ತಿದ್ದರು. ಎದುರಿನ ಅಂಗಡಿಯಿಂದ ಚಾಚಾ ಅಪ್ಪನನ್ನು ಕರೆದರು.

"ರುಮಾಲ ತೆಗಿ. ಹಣಿ ಒರಸ್ಕೊ."

"ಇಭೂತಿ ಒರಸ್ಕೊಂಡು ಬದುಕೋದೇನು ಬದುಕರಿ ಚಾಚಾ," ಎಂದ ಅಪ್ಪ.

"ಲಿಂಗ ಅಂಗಿ ಒಳಗ ಅದ ಇಲ್ಲೋ? ಅದಕ್ಕ ಟೊಪಗಿ ಕಾಣಂಗಿಲ್ಲ. ನಿನ್ನ ಹೆಂಡತಿಗಿ ನೀ ಕಾಣಬೇಕು, ಮದಲ ಅಷ್ಟ ನೋಡು."

ಮಗ ತನ್ನ ತಲೆಯ ಮೇಲಿದ್ದ ರೂಮಿ ಟೊಪ್ಪಿಗೆಯನ್ನೇ ತೆಗೆದು ಅಪ್ಪನ ತಲೆಗಿಟ್ಟ. ಸರಿಯಾಗಿ ಕೂತಿತು. ಒಳಗಿನಿಂದ ಚಾಚಿ ತನ್ನ ಬುರ್ಖಾ ಮಡಿಸಿ ಕೊಟ್ಟಳು. ನಾಕಾದಲ್ಲಿ ಅಪ್ಪ ಶುದ್ಧ ಉರ್ದುವಿನಲ್ಲಿ ಸಲಾಮು ಹೇಳಿದ, ಅವರೂ ಹೇಳಿದರು, ಬಂಡಿ ದಾಟಿತು. ಬರುವಾಗ ಅವ್ವ ಬುರ್ಖಾದೊಳಗೆ, ನಾನು ಅವ್ವನ ಮಡಿಲೊಳಗೆ. ಆ ದಿನದ ಮಾತೆತ್ತಿದರೆ ಅಪ್ಪನ ಮುಖ ಇಂಗು ತಿಂದ ಮಂಗನ ಹಾಗಾಗುತ್ತಿತ್ತು. ಅವ್ವ ಮಾತ್ರ ಹಗುರವಾಗಿ ಹೇಳುತ್ತಿದ್ದಳು: "ಬಿಸಲಿಲ್ಲ, ಧೂಳಿಲ್ಲ. ಒಳಗ ಕುಂತು ಕೂಸಿಗಿ ಹಾಲ ಕುಡಸಲಕ್ಕ ಭಾಳ ಚಂದಿತ್ತು ನೋಡವ್ವ."

ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಹಿಡಿ ಜೋಳವಾದರೂ, ಚೂರು ಬೆಲ್ಲವಾದರೂ ಹಾಕಿಯೇ ಕೊಡಬೇಕು. ಅದರಲ್ಲೂ ಮನೆಗೆ ಕೂಸು ಬಂದಿದೆ. ಬಾಣಂತಿಯ ಗಡಿಬಿಡಿಯಲ್ಲಿ ಸ್ವಲ್ಪ ದಿನ ನಮ್ಮ ಮನೆಯ ಗೂಟದಲ್ಲೇ ತೂಗುತ್ತಿದ್ದ ಆ ಟೊಪ್ಪಿಗೆಯನ್ನು ಅಪ್ಪ ಇಳಿಸಿ, ಮಗುಚಿ ಹಿಡಿದು, ಅದರ ತುಂಬ ಬೆಲ್ಲ ಕೊಬ್ಬರಿ ತುಂಬಿ ಕೊಟ್ಟುಬಂದ. ಮಳೆಗಾಲ, ಬೆಲ್ಲ ನೀರೊಡೆಯಿತು. ಟೊಪ್ಪಿಗೆಗೆ ಜಿಗಿ ಹಿಡಿದು, ಕಲೆಯಾಗಿ, ಇರುವೆ ಹತ್ತಿದವು. ಮಗ ಬಿದ್ದು ಬಿದ್ದು ನಕ್ಕನಂತೆ. ಬರೀ ತಲೆಯಲ್ಲೇ ಓಡಾಡಿದನಂತೆ.

ಹೊಲದಲ್ಲಿ ಉದ್ದು ಹೆಸರು ಕೀಳುವ ಹೊತ್ತಿಗೆ ಹಿಂದುಸ್ತಾನದ ಫೌಜು ಬಂತು. ಅದಕ್ಕೆ ಪೊಲೀಸ್ ಆ್ಯಕ್ಷನ್ ಎಂದು ಹೆಸರಿಟ್ಟಿದ್ದಾರೆ ಎಂಬುದು ನಮ್ಮ ಓಣಿಗೆ ಆಮೇಲೆ ತಿಳಿಯಿತು. ಕೆಲವೇ ದಿನದಲ್ಲಿ ರಾಜ ಶರಣಾದ ಎಂದು ರೇಡಿಯೋದಲ್ಲಿ ಬಂತಂತೆ. ಓಣಿಯವರೆಲ್ಲ ಉಸಿರು ಬಿಟ್ಟರು. ಚಾಚಾ ಕೂಡ. "ದೊಡ್ಡವರು ದೊಡ್ಡವರು ಕೈ ಕೂಡಿಸ್ಯಾರ. ಇನ್ನ ನಮಗೇನು," ಎಂದರಂತೆ. ಸೊಸೆ ಭಾಲ್ಕಿಯ ತವರಿನಲ್ಲಿದ್ದಳು. ರೈಲುಗಾಡಿಗಳು ಮತ್ತೆ ಓಡತೊಡಗಿದ ಕೂಡಲೇ ಮಗ ಕರೆತರಲು ಹೊರಟ. ಬರೀ ತಲೆಯಲ್ಲಿ ಬೀಗರ ಮನೆಗೆ ಹೋಗುವುದು ಚಾಚಾನ ಮನೆತನದಲ್ಲಿ ದೊಡ್ಡ ಅವಮಾನ. ಹಿಂದಿನ ದಿನವಿಡೀ ಕೂತು ಬೆಲ್ಲದ ಕಲೆಯನ್ನು ತಿಕ್ಕಿ ತೆಗೆದು, ಒಲೆ ಹೂಡಿ, ಟೊಪ್ಪಿಗೆಯನ್ನು ಒತ್ತಿ, ತಾವೇ ಅವನ ತಲೆಗೆ ಇಟ್ಟರು.

ಊರುಗಳಲ್ಲಿ ಹೊತ್ತಿಕೊಂಡ ಸೇಡು ಏನೆಂಬುದು ಇವರಿಗೆ ಗೊತ್ತಿರಲಿಲ್ಲ. ರಜಾಕಾರರು ಮಾಡಿದ್ದಕ್ಕೆ ಈಗ ಕೆಂಪು ಟೊಪ್ಪಿಗೆ ಕಂಡಲ್ಲೆಲ್ಲ ಲೆಕ್ಕ ಚುಕ್ತಾ ಆಗುತ್ತಿತ್ತು. ಗಾಡಿ ನಡುವಿನ ಹಲಬರ್ಗಾ ಸ್ಟೇಷನ್ನಿನಲ್ಲಿ ಬಹಳ ಹೊತ್ತು ನಿಂತಿತ್ತಂತೆ. ಅವನು ಬೇಸತ್ತು ಇಳಿದು ಹೊಲದ ಹಾದಿ ಹಿಡಿದದ್ದನ್ನು ಒಬ್ಬರು ನೋಡಿದರಂತೆ. ಭಾಲ್ಕಿ ಅವನು ಮುಟ್ಟಲಿಲ್ಲ. ಹೆಣವೂ ಸಿಗಲಿಲ್ಲ. ಎಷ್ಟೋ ದಿನದ ಮೇಲೆ ಸೊಸೆಯೇ ಅಣ್ಣನ ಜೊತೆ ಬಂದು, ಇವರು ಎಲ್ಲಿ ಎಂದು ಕೇಳಿದಳು.

ನಾನು ಕಣ್ಣಾರೆ ಕಂಡ ಚಾಚಾ ಇದಾದ ಮೇಲಿನವರು. ಕೂತಲ್ಲಿ ಕೂರದ ಮನುಷ್ಯ. ಚಹಾ ಬಸಿಯಲ್ಲಿ ಆರುತ್ತಿದ್ದರೆ ಅವರು ಬಾಗಿಲಲ್ಲಿ, ಬಾಗಿಲಿಗೆ ಹೋದರೆ ಓಣಿಯ ತುದಿಯಲ್ಲಿ. ಸಂಜೆ ಭಾಲ್ಕಿಯ ಕಡೆಯಿಂದ ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗಲೇಬೇಕು. ಇಳಿದವರ ಮುಖವನ್ನಲ್ಲ, ತಲೆಗಳನ್ನು ನೋಡುತ್ತಿದ್ದರು. ಅಪ್ಪ ಗಂಜಿನಿಂದ ನೇರ ಅಲ್ಲಿಗೇ ಹೋಗಿ, ಗಾಡಿ ಹೋದ ಮೇಲೆ ಅವರನ್ನು ಕರೆತರುತ್ತಿದ್ದ. ಸೊಸೆಗೆ ಚಾಚಾ ತಾವೇ ಮುಂದೆ ನಿಂತು ಎರಡನೇ ನಿಕಾಹ್ ಮಾಡಿಸಿದರು. ಆ ದಿನವೂ ಸಂಜೆ ಸ್ಟೇಷನ್ನಿಗೆ ಹೋಗಿಬಂದರು.

ರೂಮಿ ಟೊಪ್ಪಿಗೆ ಊರಿನಿಂದ ಒಮ್ಮೆಲೇ ಮಾಯವಾಗಿತ್ತು. ಬಾವಿಗೆ ಎಸೆದವರೆಷ್ಟೋ, ಒಲೆಗೆ ಹಾಕಿದವರೆಷ್ಟೋ. ಈಗ ಎಲ್ಲರಿಗೂ ಗಾಂಧಿ ಟೊಪ್ಪಿಗೆ ಬೇಕು. ಅಪ್ಪನ ಅಡತಿ ಸಾಹುಕಾರರು ಹಿಂದೆ ಸಾಹೇಬರನ್ನು ಕಾಣಲು ಹೋಗುವಾಗ ಚಾಚಾನಿಂದಲೇ ರೂಮಿ ಟೊಪ್ಪಿಗೆ ಒತ್ತಿಸಿಕೊಂಡವರು. ಅವರ ಖಾದಿ ಟೊಪ್ಪಿಗೆಯನ್ನು ಗಂಜಿ ಹಾಕಿ ಒತ್ತಿಕೊಡಿ ಎಂದು ಅಪ್ಪ ತಂದುಕೊಟ್ಟ. ಏನಾದರೂ ಕೆಲಸವಿದ್ದರೆ ಮನುಷ್ಯ ಕೂತಾನು ಎಂಬ ಆಸೆ. ಚಾಚಾ ಬಹಳ ಮುತುವರ್ಜಿಯಿಂದ ಅದನ್ನು ಹಿತ್ತಾಳೆಯ ಅಚ್ಚಿಗೇ ತೊಡಿಸಿ, ಬುಸ್ಸೆನಿಸಿ ತೆಗೆದರು. ದೋಣಿಯಂತಿರಬೇಕಾದ ಟೊಪ್ಪಿಗೆ ಗಡಿಗೆಯಾಗಿ ನಿಂತಿತ್ತು, ಗೊಂಡೆಯೊಂದು ಕಡಿಮೆ. ಸಾಹುಕಾರರು ಅವಸರದಲ್ಲಿ ಅದನ್ನೇ ಹಾಕಿಕೊಂಡು ಸಭೆಗೆ ಹೋಗಿಬಿಟ್ಟರು. ವಾಪಸು ಬಂದವರು ಅಂಗಡಿಯ ಮುಂದೆ ನಿಂತು ಕೆಂಡ ಕಾರಿದರು.

"ಮಂದಿ ನಗಲಕ್ಹತ್ಯಾರ ಚಾಚಾ. ಇದೇನು ಮಾಡೀರಿ?"

"ತಪ್ಪಾತ್ರಿ ಸಾವುಕಾರ್ರ. ಟೊಪಗಿ ಬದಲಾತು, ತಲಿ ಅದೇ ಅದ ನೋಡ್ರಿ. ಕೈಗಿ ತಿಳೀಲಿಲ್ಲ."

ಸಾಹುಕಾರರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇರುಕಿಕೊಂಡು ಹೋದರು. ಚಾಚಾ ಮಾತ್ರ ಗೋಡೆಗೆ ಒರಗಿ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಹಲಗೆಯ ಮೇಲೆ ಇಸ್ತ್ರಿ ಮಾಡುವುದನ್ನು ಕಲಿತರು, ಹೊಟ್ಟೆ ನಡೆಯಿತು.

ಆ ಅಂಗಡಿಯ ಕಟ್ಟೆಯ ಮೇಲೆ ರಾಜನ ಮಾತು ಬಾರದ ದಿನವಿಲ್ಲ. ಕಮಠಾಣದಿಂದ ಮೊಸರು ತರುವ ಮುದುಕಿ, "ರಾಜಾ ಪಾಜಾ ನಾ ಕಾಣೆ. ನಮ್ಮೂರಾಗ ಪಟವಾರಿನೇ ರಾಜಾ ಇದ್ದ, ಈಗೂ ಅಂವನೇ ಇದ್ದಾನ," ಎನ್ನುತ್ತಿದ್ದಳು. ಅಪ್ಪನ ಸಂಕಟ ಬೇರೆ. ಕನ್ನಡ ಬರೆಯಲು ಕೂತರೆ ಅಕ್ಷರ ತಡವರಿಸುತ್ತಿತ್ತು. ಮನೆಮಾತನ್ನು ಸಾಲೆಯಲ್ಲಿ ಕಲಿಯಗೊಡಲಿಲ್ಲ ಎಂದು ರಾಜನನ್ನು ಬೈಯುತ್ತಿದ್ದ, ಬೈಗುಳ ಮಾತ್ರ ಉರ್ದುವಿನಲ್ಲೇ ಬರುತ್ತಿತ್ತು. ಚಾಚಾ ಯಾವ ಕಡೆಗೂ ಮಾತು ಸೇರಿಸುತ್ತಿರಲಿಲ್ಲ. ಸೋತ ರಾಜ ಮುಂದೆಯೂ ಕೆಲವು ವರ್ಷ ರಾಜಪ್ರಮುಖನೆಂಬ ಪದವಿಯಲ್ಲಿ ಉಳಿದಿದ್ದ, ಅರಮನೆಯಲ್ಲೇ ಇದ್ದ. ಒಮ್ಮೆ ನಾನು ಕೇಳಿದೆ, ನೀವು ರಾಜನನ್ನು ನೋಡಿದ್ದೀರಾ ಎಂದು.

"ಇಲ್ಲ ಬೇಟಿ. ಅಂವನೇ ನಮ್ಮ ಮನಿತನಕ ಬಂದು ಹೋದ."

ಅಷ್ಟು ಹೇಳಿ ಎದ್ದು ಓಣಿಯ ತುದಿಗೆ ನಡೆದರು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಆ ರಾಜ ಹೈದರಾಬಾದಿನಲ್ಲಿ ತೀರಿಕೊಂಡ. ಓಣಿಯಲ್ಲಿ ಕೆಲವರು ಬಾಗಿಲು ಹಾಕಿದರು, ಕೆಲವರು ಹಾಕಲಿಲ್ಲ. ಚಾಚಾ ಬಾಗಿಲು ಅರ್ಧ ಹಾಕಿ, ಅರ್ಧ ತೆರೆದು, ಅದರ ನಡುವೆ ಓಡಾಡುತ್ತಿದ್ದರು. ಅವ್ವ ಕಳಿಸಿದ ಚಹಾ ಹಿಡಿದು ಹೋದಾಗ ಅಪ್ಪ ಒಳಗೆ ಕೂತಿದ್ದ. ಅಷ್ಟು ವರ್ಷ ಸ್ಟೇಷನ್ನಿನ ಹಾದಿಯಲ್ಲಿ ಆಡದ ಮಾತು ಆ ದಿನ ಅಪ್ಪನ ಬಾಯಿಂದ ಬಂತು.

"ಆ ಟೊಪಗಿ ನಾ ತಿರುಗಿ ಕೊಡಬಾರದಿತ್ತರಿ ಚಾಚಾ. ಕೊಡಲಾರದ ಇದ್ರ ಅಂವ ಬರೀ ತಲೀಲೆ ಹೋಗತಿದ್ದ."

ಚಾಚಾ ನಿಂತರು. "ನೀ ಬೆಲ್ಲ ತುಂಬಿ ಕೊಟ್ಟಿ. ಅದು ಕೆಟ್ಟು ಹೋಗಿತ್ತು. ಕೆಟ್ಟದ್ದನ್ನ ಹಾಂಗ ಬಿಟ್ಟಿದ್ರ ನನ್ನ ಮಗ ಅದನ್ನ ಹಾಕ್ಕೋತಿದ್ದಿಲ್ಲ. ಇಡೀ ದಿನ ಕುಂತು ತಿಕ್ಕಿದಂವ ನಾನು." ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ಇವು ಇಷ್ಟು ಚಂದ ಕೆಲಸ ಮಾಡಬಾರದಿತ್ತು."

ಅಪ್ಪ ಅತ್ತ. ನನ್ನೆದುರು ಅಪ್ಪ ಅತ್ತದ್ದು ಅದೇ ಮೊದಲು. ನಾನು ಬಾಗಿಲಲ್ಲೇ ನಿಂತಿದ್ದೆ. ಕೈಯಲ್ಲಿ ಚಹಾ ಆರುತ್ತಿತ್ತು. ಚಾಚಾ ಬಂದು ಅಪ್ಪನ ನೆತ್ತಿಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಅದಾದ ಎರಡು ಮಳೆಗಾಲಕ್ಕೆ ಚಾಚಾ ಹಾಸಿಗೆ ಹಿಡಿದರು. ಸ್ಟೇಷನ್ನಿಗೆ ಹೋಗುವ ಹೊತ್ತಾದರೆ ಹಾಸಿಗೆಯಲ್ಲೇ ಕಾಲಾಡಿಸುತ್ತಿದ್ದರು ಎಂದು ಚಾಚಿ ಹೇಳಿದಳು. ತೀರಿಕೊಳ್ಳುವ ಮುಂಚಿನ ದಿನ ಅಪ್ಪನನ್ನೂ ನನ್ನನ್ನೂ ಕರೆಸಿ, ಗೂಡಿನಲ್ಲಿದ್ದ ಒಂದು ಒಳಅಚ್ಚನ್ನು ಅಪ್ಪನ ಕೈಗೆ ಇಡಿಸಿದರು. ಉಳಿದ ಹಿತ್ತಾಳೆಯೆಲ್ಲ ಎಂದೋ ತೂಕಕ್ಕೆ ಹೋಗಿತ್ತು. ಇದೊಂದೇ ಉಳಿದದ್ದು, ಮಗನದು. ಅಪ್ಪನ ತಲೆಯ ಅಳತೆಯೂ ಅದೇ. ಬಿಂದಿಗೆಯಂತೆ ಟೊಳ್ಳಾದ ಅದನ್ನು ಮಗುಚಿದರೆ ಒಳಗೆ ಒಂದು ಉಂಡೆ ಬೆಲ್ಲವಿತ್ತು.

"ನಿನ್ನ ಕಡಿಂದ ತುಂಬಿ ಬಂದಿತ್ತು," ಎಂದರು ಚಾಚಾ. "ನಾ ಹ್ಯಾಂಗ ಖಾಲಿ ಕೊಡಲಿ?"

ಅಪ್ಪ ಹೋದ ಮೇಲೆ ಅದು ನನ್ನ ಮನೆಗೆ ಬಂದಿದೆ. ಮೊನ್ನೆ ಮೊಮ್ಮಗ ಅಟ್ಟದಿಂದ ಇಳಿಸಿ, ಕಿರೀಟದಂತೆ ತಲೆಗೆ ಹಾಕಿಕೊಂಡು ಮನೆಯೆಲ್ಲ ಕುಣಿದ. ಅಪ್ಪನ ತಲೆ ನನ್ನನ್ನು ದಾಟಿ ಅವನಿಗೆ ಬಂದಿದೆ, ಸರಿಯಾಗಿ ಕೂತಿತ್ತು. ನಾನು ಓಡಿಹೋಗಿ ಕಿತ್ತುಕೊಂಡೆ. ಹಿತ್ತಾಳೆ ತಣ್ಣಗಿತ್ತು, ಆದರೂ ಕೈ ಸುಟ್ಟ ಹಾಗಾಯಿತು. ಹುಡುಗ ಅಳತೊಡಗಿದ. ಯಾರದು ಅಜ್ಜಿ ಅದು, ಯಾಕ ಕೊಡಂಗಿಲ್ಲ ಎಂದು ಕೇಳಿದ. ಎರವಲು ತಂದದ್ದಪ್ಪ, ತಿರುಗಿ ಕೊಡಬೇಕು ಎಂದೆ. ಒಳಗೆ ಒಂದು ಚೂರು ಬೆಲ್ಲ ಹಾಕಿ ಮತ್ತೆ ಅಟ್ಟಕ್ಕಿಟ್ಟೆ. ಯಾರಿಗೆ ಕೊಡಬೇಕು ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.